ಏಳನೆಯ ಕುಳಿಯ ಮರಳು

“ಮರಳನ್ನು ಹಾಗೆ ಎಳೆಯುವ ಕ್ರಮ ಇನ್ನೂ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ,” ಎಂದರು ಮೇಜರ್ ಹಾರ್ಟ್ಲಿ. ತುಟಿಯತ್ತ ಹೊರಟಿದ್ದ ಚಹದ ಬಟ್ಟಲು ನಡುದಾರಿಯಲ್ಲೇ ನಿಂತಿತು.

ಎದುರಿಗೆ ನಿಂತಿದ್ದ ಅಪ್ಪಯ್ಯಣ್ಣ ಏನೂ ಹೇಳಲಿಲ್ಲ. ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ದೇವನಹಳ್ಳಿಯ ಮನೆಗೆ ಮರಳುವಾಗ ಅವರು ತಮ್ಮೊಂದಿಗೆ ತಂದುಕೊಂಡ ಆಯುಧ ಒಂದೇ, ಮೌನ. ಎದುರಿನವರು ಅದನ್ನು ಬಹಳ ಹೊತ್ತು ಸಹಿಸಲಾರರೆಂದು ಅವರಿಗೆ ಗೊತ್ತಿತ್ತು.

ಊರಾಚೆಯ ಈ ಗಾಲ್ಫ್ ಮೈದಾನದಲ್ಲಿ, ಏಳನೆಯ ಕುಳಿಯ ಬಳಿ, ಅಖಿಲ ಭಾರತ ಗಾಲ್ಫ್ ಮಹಾಮಂಡಳಿಯ ಕಾರ್ಯದರ್ಶಿ ಸದಾಶಿವ ಮೊದಲಿಯಾರರು ಆ ಬೆಳಗ್ಗೆ ತಲೆಯೊಡೆದು ಸತ್ತು ಬಿದ್ದಿದ್ದರು. ಅಲ್ಲಿನ ಮರಳನ್ನು ಹದಗೊಳಿಸುವ ಪಿಳ್ಳಪ್ಪನ ಕೈಗೆ ಕೋಳ ಬಿದ್ದಿತ್ತು.

ಈ ಬಯಲುಸೀಮೆಯಲ್ಲಿ ಚೆಂಡು ಬೀಳುವ ಕುಳಿಯ ಸುತ್ತ ಹುಲ್ಲು ಹಸಿರಾಗಿ ನಿಲ್ಲುವುದಿಲ್ಲ. ಅದಕ್ಕೆಂದೇ ಹೊಂಗೆಯೆಣ್ಣೆ ಬೆರೆಸಿದ ಮರಳನ್ನು ದುಂಡಗೆ ಹಾಸಿರುತ್ತಾರೆ. ಆಡಿದವರು ಹೊರಡುವ ಮುನ್ನ ಉದ್ದನೆಯ ಹಿಡಿಯ ಹಲಗೆಯೊಂದನ್ನು ಎಳೆದು ತಮ್ಮ ಹೆಜ್ಜೆಗಳನ್ನು ಅಳಿಸಿ ಹೋಗಬೇಕು. ಬಂದವನ ಗುರುತು ಮುಂದೆ ಬರುವವನಿಗೆ ಅಡ್ಡಿಯಾಗಬಾರದೆಂಬ ಆ ಮರ್ಯಾದೆ ಅಪ್ಪಯ್ಯಣ್ಣನವರಿಗೆ ಯಾವುದೋ ಕವಿತೆಯ ಸಾಲಿನಂತೆ ಕಂಡಿತ್ತು.

ಮೈದಾನದ ಉಳಿದೆಲ್ಲ ಮರಳಂಗಳಗಳಲ್ಲೂ ಗೆರೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿದ್ದವು, ಕುಂಟೆ ಹೊಡೆದ ರಾಗಿಯ ಹೊಲದಂತೆ. ಏಳನೆಯದರಲ್ಲಿ ಮಾತ್ರ ಅವು ಕುಳಿಯಿಂದ ಹೊರಟು, ಸುತ್ತುಸುತ್ತಾಗಿ, ಅಂಚಿನವರೆಗೆ ಅರಳಿದ್ದವು.

“ನಿನ್ನೆ ಸಂಜೆ, ನಿಯಮ ಸಮಿತಿಯಲ್ಲಿ ನಾವೇ ತೀರ್ಮಾನಿಸಿದ್ದು,” ಎಂದರು ಮೇಜರ್. ಮಹಾಮಂಡಳಿಯ ಅಧ್ಯಕ್ಷರಾದ ಅವರು ಚಹದ ಬಟ್ಟಲನ್ನು ಕೆಳಗಿಟ್ಟು, ಬಟ್ಟೆ ಸುತ್ತಿದ ಬಲಪಾದವನ್ನು ಮಣೆಯ ಮೇಲೆ ಸರಿಪಡಿಸಿಕೊಂಡರು. ಬಾವಿನಿಂದ ಉಬ್ಬಿದ ಆ ಪಾದ ಎರಡು ದಿನಗಳಿಂದ ನೆಲ ಮುಟ್ಟಿರಲಿಲ್ಲ.

ಮತ್ತೆ ಅವರೇ ವಿವರಿಸಿದರು. ನೇರವಾಗಿ ಎಳೆದರೆ ಚತುರನಾದ ಆಟಗಾರ ತನ್ನ ಚೆಂಡಿಗೆ ಕುಳಿಯವರೆಗೆ ಓಣಿಯನ್ನೇ ಮಾಡಿಕೊಳ್ಳಬಲ್ಲ. ಅದಕ್ಕಾಗಿ, ಇನ್ನು ಮುಂದೆ ಕುಳಿಯಿಂದ ಆರಂಭಿಸಿ, ಹಿಮ್ಮುಖವಾಗಿ ನಡೆಯುತ್ತ, ಸುತ್ತುಗಳಲ್ಲಿ ಎಳೆಯಬೇಕು. ಹೊಸ ನಿಯಮವನ್ನು ಈ ಮಧ್ಯಾಹ್ನದ ಮಹಾಸಭೆಯಲ್ಲಿ ಓದಿ ಒಪ್ಪಿಗೆ ಪಡೆಯುವ ತನಕ ಸಮಿತಿಯವರು ಅದರ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಮಂಡಳಿ ಹುಟ್ಟಿದಂದಿನಿಂದ ನಡೆದು ಬಂದ ಪದ್ಧತಿ ಅದು.

“ಸಮಿತಿಯಲ್ಲಿ ಯಾರು ಯಾರಿದ್ದೀರಿ?”

“ನಾನು. ಮೊದಲಿಯಾರ್. ಕಲ್ಕತ್ತೆಯ ಬ್ಯಾರಿಸ್ಟರ್ ದತ್ತ.” ಹೇಳಿ ಮುಗಿಸುವಷ್ಟರಲ್ಲಿ ಮೇಜರರ ಮುಖ ಬಾಡಿತು. ತಾವು ಹೇಳಿದ್ದು ಏನೆಂದು ಅವರಿಗೇ ಅರ್ಥವಾಗಿತ್ತು.

ಸತ್ತವರೊಬ್ಬರು. ಕಾಲೂರಲಾರದವರೊಬ್ಬರು. ಉಳಿದವರೊಬ್ಬರು.

ಅಪ್ಪಯ್ಯಣ್ಣ ನಮಸ್ಕರಿಸಿ ಕ್ಲಬ್ಬಿನ ಜಗಲಿಯಿಂದಿಳಿದರು.

*

ಹುಣಿಸೆಮರದ ಕೆಳಗೆ ಪೊಲೀಸ್ ವ್ಯಾನು ಇನ್ನೂ ಹೊಗೆಯುಗುಳುತ್ತಿತ್ತು. ಯುದ್ಧ ಮುಗಿದು ಸ್ವಾತಂತ್ರ್ಯ ಬಂದು ಇದು ಎರಡನೆಯ ಸುಗ್ಗಿಯಾದರೂ ಈ ತಾಲ್ಲೂಕಿನ ವ್ಯಾನಿಗೆ ಪೆಟ್ರೋಲಿನ ಭಾಗ್ಯ ಬಂದಿರಲಿಲ್ಲ. ಇದ್ದಿಲ ಗ್ಯಾಸಿನಲ್ಲೇ ಓಡಬೇಕು. ಅದು ಕಾದು ಹದಕ್ಕೆ ಬರುವವರೆಗೆ ಮಾತ್ರ ಸಬ್‌ಇನ್‌ಸ್ಪೆಕ್ಟರು ಅಪ್ಪಯ್ಯಣ್ಣನವರಿಗೆ ಅವಕಾಶ ಕೊಟ್ಟಿದ್ದರು. ಆಮೇಲೆ ಪಿಳ್ಳಪ್ಪನನ್ನು ದೊಡ್ಡಬಳ್ಳಾಪುರದ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು, ಅಲ್ಲಿಂದ ಜೈಲು. ಕೊಲೆಯ ಆಪಾದನೆಯ ಮೇಲೆ ಒಳಗೆ ಹೋದ ಹಳ್ಳಿಗನಿಗೆ ಹೊರಬರುವ ಬಾಗಿಲು ಎಷ್ಟು ಕಿರಿದೆಂಬುದನ್ನು ಅಪ್ಪಯ್ಯಣ್ಣ ತಮ್ಮ ಉದ್ಯೋಗದುದ್ದಕ್ಕೂ ಕಂಡಿದ್ದರು.

ಕಾನ್‌ಸ್ಟೇಬಲ್ ಚಿನ್ನಸ್ವಾಮಿ ವ್ಯಾನಿನ ಹಿಂಬದಿಯ ಇದ್ದಿಲೊಲೆಗೆ ಗಾಳಿ ಹಾಕುತ್ತ ಕಣ್ಣೊರೆಸಿಕೊಂಡ. “ಇದು ವ್ಯಾನಲ್ಲ ಸಾರ್, ನಮ್ಮತ್ತೆ. ಎಷ್ಟು ಉಪಚಾರ ಮಾಡಿದ್ರೂ ಬರೀ ಹೊಗೆ.”

ಯಾರೂ ನಗಲಿಲ್ಲ. ಕೋಳ ತೊಟ್ಟ ಪಿಳ್ಳಪ್ಪ ಮರದ ಬೇರಿನ ಮೇಲೆ ಕುಳಿತು ತನ್ನ ಅಂಗೈಗಳನ್ನೇ ನೋಡುತ್ತಿದ್ದ. ಅವನ ವಿರುದ್ಧ ಸಾಕ್ಷ್ಯ ಹೇರಳವಾಗಿತ್ತು. ಮೊದಲಿಯಾರರ ತಲೆಗೆ ಬಿದ್ದದ್ದು ಮರಳೆಳೆಯುವ ಹಲಗೆಯ ಹಿಡಿ. ಅದರ ಕಬ್ಬಿಣದ ಬಳೆಗೆ ರಕ್ತ ಮೆತ್ತಿತ್ತು. ಹಲಗೆ ಪಿಳ್ಳಪ್ಪನ ವಶದ್ದು. ಮೊನ್ನೆಯಷ್ಟೇ ಅವನು ಎಲ್ಲರೆದುರಿಗೆ ಕಾರ್ಯದರ್ಶಿಗಳನ್ನು ತಡೆದು, ನಮ್ಮ ಕಣಕ್ಕೆ ಕಾಲಿಟ್ಟು ನೋಡಿ ಎಂದು ಸವಾಲು ಹಾಕಿದ್ದ.

ಸವಾಲಿಗೆ ಕಾರಣವಿತ್ತು. ರಾಷ್ಟ್ರೀಯ ಪಂದ್ಯ ಇಲ್ಲಿಗೆ ಬರಬೇಕಾದರೆ ಒಂಬತ್ತು ಕುಳಿಗಳ ಮೈದಾನ ಹದಿನೆಂಟು ಕುಳಿಗಳದ್ದಾಗಬೇಕು. ಹೊಸ ಒಂಬತ್ತು ಕುಳಿಗಳು ಬೇಲಿಯಾಚೆಗಿನ ಹೊಲಗಳ ಮೇಲೆ, ಪಿಳ್ಳಪ್ಪನ ಮನೆತನ ತಲೆಮಾರುಗಳಿಂದ ರಾಗಿ ಬಡಿಯುತ್ತಿದ್ದ ಕಣದ ಮೇಲೆ ಹಾಯಬೇಕು.

ಬೇಲಿಯಾಚೆ, ಅದೇ ಕಣದ ಅಂಚಿನಲ್ಲಿ, ಅವನ ತಾಯಿ ಅಕ್ಕಯಮ್ಮ ಕೂತಿದ್ದರು. ಬೆಳಗ್ಗೆ ಅಪ್ಪಯ್ಯಣ್ಣ ಆಕೆಯ ಮುಂದೆ ನಿಂತು, ನಿಮ್ಮ ಮಗನನ್ನು ನಿಮ್ಮ ಕೈಗೆ ಒಪ್ಪಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಎಷ್ಟೋ ವರ್ಷಗಳಿಂದ ಯಾರಿಗೂ ಕೊಡದ ಮಾತು ಅದು. ಪಿಳ್ಳಪ್ಪನಿಗೆ ಸುತ್ತುಗಳಲ್ಲಿ ಎಳೆಯುವುದು ಗೊತ್ತಿಲ್ಲವೆಂಬ ನಂಬಿಕೆಯ ಮೇಲೆ ಕೊಟ್ಟದ್ದು. ಕೊಲೆಯ ಹೊತ್ತಿನಲ್ಲಿ ತಾನು ಕೆರೆಯ ಏರಿಯ ಮೇಲಿದ್ದೆನೆಂದು ಅವನೂ ಹೇಳಿದ್ದ.

ಅಪ್ಪಯ್ಯಣ್ಣನವರನ್ನು ಸೈಕಲ್ಲಿನಲ್ಲಿ ಕರೆತಂದವನು ಪಿಳ್ಳಪ್ಪನ ತಮ್ಮ ಗಂಗಣ್ಣ. ಖಾಕಿ ಅಂಗಿ, ಎದೆಗೆ ಕ್ಲಬ್ಬಿನ ಹಿತ್ತಾಳೆಯ ಬಿಲ್ಲೆ. ಕ್ಲಬ್ಬಿನ ಮನೆಯೊಳಗೆ ಕುರ್ಚಿ ಜೋಡಿಸುವುದು, ಅತಿಥಿಗಳಿಗೆ ಬಾಗಿಲು ತೆರೆಯುವುದು ಅವನ ಕೆಲಸ. ಹೊಸ ಒಂಬತ್ತು ಕುಳಿಗಳಿಗೆ ಅವನನ್ನೇ ಮೇಸ್ತ್ರಿ ಮಾಡುವುದಾಗಿ ಮ್ಯಾನೇಜರರು ಹೇಳಿದ್ದರಂತೆ. ಆ ವಿಷಯಕ್ಕೇ ಅಣ್ಣತಮ್ಮಂದಿರಲ್ಲಿ ಮಾತು ನಿಂತುಹೋಗಿತ್ತಂತೆ.

“ಅಣ್ಣನ ಮೈಯೆಲ್ಲ ಎಣ್ಣೆ ವಾಸ್ನೆ ಅಂತ ಪಕ್ಕದಲ್ಲಿ ಉಣ್ಣೋಕೂ ಕೂರದ ದೊರೆ ಕಣಯ್ಯಾ ನೀನು,” ಎಂದು ಚಿನ್ನಸ್ವಾಮಿ ಅವನನ್ನು ಕೆಣಕಿದ. “ಇವತ್ತು ನೋಡು, ಅಣ್ಣಂಗೋಸ್ಕರ ಬೆಳಗಿಂದ ನೀರೂ ಕುಡ್ದಿಲ್ಲ.”

ಗಂಗಣ್ಣ ತಲೆಯೆತ್ತಲಿಲ್ಲ. ಅವನ ಕಣ್ಣುಗಳು ಕೆಂಪಾಗಿದ್ದವು. ಆ ಅಳು ನಟನೆಯಾಗಿರಲಿಲ್ಲ.

ಅಪ್ಪಯ್ಯಣ್ಣ ಸಭೆಯ ಕೋಣೆಯತ್ತ ನಡೆದರು.

*

ಉದ್ದನೆಯ ಮೇಜು, ಅದರ ಮೇಲೆ ಹಸಿರು ಬನಾತಿನ ಬಟ್ಟೆ. ಬೊಂಬಾಯಿ, ಮದರಾಸು, ಲಖನೌ, ಒಂದೊಂದು ಕ್ಲಬ್ಬಿನ ಪ್ರತಿನಿಧಿಗೂ ಒಂದೊಂದು ಕುರ್ಚಿ. ಒಂದು ಕುರ್ಚಿಯ ಮುಂದೆ ಕಾಗದ ಪೆನ್ಸಿಲುಗಳಿಲ್ಲ. ಬಿಳಿಯ ಚೆಂಡೊಂದನ್ನು ಮಾತ್ರ ಇಟ್ಟಿದ್ದರು. ತೀರಿಹೋದ ಪದಾಧಿಕಾರಿಯ ಸ್ಥಾನವನ್ನು ಮಂಡಳಿ ಹೀಗೆ ಗುರುತಿಸುತ್ತದೆ. ಸಭೆಯನ್ನು ಮುಂದೂಡುವ ಮಾತೇ ಇರಲಿಲ್ಲ. ಯುದ್ಧಕಾಲದಲ್ಲೂ ಒಮ್ಮೆಯೂ ಮುಂದೂಡದ ಸಭೆ ಅದು.

ಬ್ಯಾರಿಸ್ಟರ್ ಶ್ಯಾಮಾಪದ ದತ್ತರು ಒಬ್ಬರೇ ಕಿಟಕಿಯ ಬಳಿ ಕುಳಿತಿದ್ದರು. ತೆಳ್ಳನೆಯ ಮೈ, ಬೆಳ್ಳಿಯ ಕಟ್ಟಿನ ಕನ್ನಡಕ. ಮೊದಲಿಯಾರರು ಇಲ್ಲವಾದ ಮೇಲೆ ಕಾರ್ಯದರ್ಶಿಯ ಹೊಣೆ ಅವರದ್ದಾಗಿತ್ತು.

ಆ ಹೊಣೆ ಸಣ್ಣದಲ್ಲ. ಮಹಾಮಂಡಳಿಯಲ್ಲಿ ಎಲ್ಲಕ್ಕೂ ಕ್ಲಬ್ಬಿಗೊಂದರಂತೆ ಮತ ಬೀಳುತ್ತದೆ, ಪಂದ್ಯದ ಸ್ಥಳವೊಂದನ್ನು ಬಿಟ್ಟು. ಸ್ಥಳದ ವಿಷಯ ಬಂದಾಗ ಕಾರ್ಯದರ್ಶಿ ಎದ್ದು ನಿಂತು ಒಂದೇ ಒಂದು ಪದ ಹೇಳುತ್ತಾನೆ: ‘ಯೋಗ್ಯ’ ಅಥವಾ ‘ಅಯೋಗ್ಯ’. ಕಾರಣ ಕೇಳುವಂತಿಲ್ಲ, ಚರ್ಚೆಯಿಲ್ಲ. ನೆಲವನ್ನು ನಡೆದು ನೋಡಿದವನ ಮಾತೇ ಕೊನೆ. ಮೊದಲಿಯಾರರು ಯೋಗ್ಯವೆಂದೇ ಹೇಳುವರೆಂದು ಎಲ್ಲರೂ ತಿಳಿದಿದ್ದರು. ಇಂದು ಆ ಪದ ದತ್ತರ ಬಾಯಲ್ಲಿತ್ತು.

ಅಪ್ಪಯ್ಯಣ್ಣ ಎದುರಿಗೆ ಕುಳಿತರು. ಸಂಭಾಷಣೆ ಇಂಗ್ಲಿಷಿನಲ್ಲಿ ನಡೆಯಿತು. ಇಬ್ಬರದ್ದೂ ಎರವಲಿನ ಭಾಷೆ, ಇಬ್ಬರೂ ಎಚ್ಚರದಿಂದ ಬಳಸಿದರು.

“ಬೆಳಗ್ಗೆ ಎಲ್ಲಿದ್ದಿರಿ?”

“ಸಬ್‌ಇನ್‌ಸ್ಪೆಕ್ಟರಿಗೆ ಹೇಳಿದ್ದೇನೆ. ನನ್ನ ಕೋಣೆಯಲ್ಲಿ, ನಿದ್ದೆಯಲ್ಲಿ.”

“ಮೈದಾನಕ್ಕೆ ಕಾಲಿಡಲಿಲ್ಲ?”

“ಇಲ್ಲ.”

ಮೇಜಿನ ಮೇಲೆ ಚಹದ ತಟ್ಟೆಯಿತ್ತು. ಅಪ್ಪಯ್ಯಣ್ಣ ಸಕ್ಕರೆಯ ಬಟ್ಟಲನ್ನು ಬನಾತಿನ ಮೇಲೆ ಮೆಲ್ಲಗೆ ಬೋರಲು ಹಾಕಿ, ಅಂಗೈಯಿಂದ ದುಂಡಗೆ ಹರಡಿದರು. ಪಡಿತರದ ಸಕ್ಕರೆ ಹಾಗೆ ಚೆಲ್ಲಿದ್ದನ್ನು ಕಂಡು ದತ್ತರು ಹುಬ್ಬೇರಿಸಿದರು.

ಅಪ್ಪಯ್ಯಣ್ಣ ಚಮಚೆಯ ಅಂಚಿನಿಂದ ನೇರ ಗೆರೆಗಳನ್ನು ಎಳೆದರು. “ಪಿಳ್ಳಪ್ಪ ಎಳೆಯುವುದು ಹೀಗೆ. ಈ ದೇಶದ ಎಲ್ಲ ಕ್ಲಬ್ಬುಗಳಲ್ಲೂ ಹೀಗೆಯೇ ಎಂದು ಮೇಜರ್ ಸಾಹೇಬರು ಹೇಳಿದರು.”

ಅದನ್ನು ಅಳಿಸಿದರು. ಆಮೇಲೆ ನಡುವಿನಲ್ಲಿ ಒಂದು ಚುಕ್ಕೆಯಿಟ್ಟು, ಅಲ್ಲಿಂದ ಸುತ್ತು, ಸುತ್ತಿನಾಚೆ ಸುತ್ತು. “ಏಳನೆಯ ಕುಳಿಯಲ್ಲಿ ನಾನು ಕಂಡದ್ದು ಹೀಗೆ.”

ದತ್ತರು ಕನ್ನಡಕ ತೆಗೆದರು. ಕಿಟಕಿಯಾಚೆ ನಂದಿಬೆಟ್ಟದ ಮೇಲಿನ ಮಂಜು ಆಗಲೇ ಪೂರ್ತಿ ಕರಗಿತ್ತು.

“ಮೊದಲಿಯಾರರೂ ಸಮಿತಿಯಲ್ಲಿದ್ದರು,” ಎಂದರು. “ಅವರೇ ಎಳೆದಿರಬಹುದು.”

“ಅವರ ಅಂಗೈ ಮೂಸಿ ನೋಡಿದ್ದೇನೆ. ಆ ಹಲಗೆಯ ಹಿಡಿಯೆಲ್ಲ ಹೊಂಗೆಯೆಣ್ಣೆ. ಒಮ್ಮೆ ಹಿಡಿದವನ ಕೈಯನ್ನು ಅದು ಸಂಜೆಯವರೆಗೆ ಬಿಡುವುದಿಲ್ಲ, ಯಾವ ಸೋಪು ಹಾಕಿದರೂ. ಅವರ ಕೈಯಲ್ಲಿ ಆ ವಾಸನೆ ಇರಲಿಲ್ಲ.”

ಮೇಜಿನ ಮೇಲಿದ್ದ ದತ್ತರ ಕೈಗಳು ಮಡಿಲಿಗೆ ಇಳಿದವು. ನಿಧಾನವಾಗಿ, ಯಾರೂ ನೋಡುತ್ತಿಲ್ಲವೆಂಬಂತೆ.

“ಯಾರೂ ಇಲ್ಲದ ಬೆಳಗಿನಲ್ಲಿ, ಇನ್ನೂ ಜಾರಿಗೆ ಬರದ ನಿಯಮವನ್ನು ಪಾಲಿಸಿದಿರಿ,” ಎಂದರು ಅಪ್ಪಯ್ಯಣ್ಣ. ಅವರ ದನಿಯಲ್ಲಿ ಗೆಲುವಿರಲಿಲ್ಲ; ಹೆಚ್ಚುಕಡಿಮೆ ಗೌರವವೇ ಇತ್ತು. “ಬೇರೆ ಯಾರಾದರೂ ಆಗಿದ್ದರೆ ಹಳೆಯ ರೀತಿಯಲ್ಲಿ ಎಳೆದು ಹೋಗುತ್ತಿದ್ದರು.”

“ಆ ನಿಯಮ ನನ್ನದೇ,” ಎಂದರು ದತ್ತರು. “ನಾನೇ ಸೂಚಿಸಿದ್ದು. ಮೊದಲ ಬಾರಿಗೆ ಮಾಡಿ ನೋಡಬೇಕೆನಿಸಿತು.”

ಆಮೇಲೆ ಎಲ್ಲವನ್ನೂ ಹೇಳಿದರು. ಬೆಳಕು ಮೂಡುವ ಮೊದಲೇ ಮೊದಲಿಯಾರರು ಬಂದು ಬಾಗಿಲು ತಟ್ಟಿದ್ದರು. ಇಬ್ಬರೂ ಏಳನೆಯ ಕುಳಿಯೊಂದನ್ನೇ ಆಡಿದರು. ಚೆಂಡು ಕುಳಿಗಿಳಿದ ಮೇಲೆ ಮೊದಲಿಯಾರರು, ಇವತ್ತು ತಾವು ಈ ಸ್ಥಳವನ್ನು ‘ಅಯೋಗ್ಯ’ ಎನ್ನುವುದಾಗಿ ತಿಳಿಸಿದರು. ಪಂದ್ಯವನ್ನು ದಕ್ಷಿಣಕ್ಕೆ ತರಲು ವರ್ಷಗಟ್ಟಲೆ ಹೆಣಗಿದ್ದ ದತ್ತರಿಗೆ ಮೈ ಉರಿಯಿತು. ಕಾರಣ ಕೇಳಬಾರದೆಂಬ ಪದ್ಧತಿಯನ್ನು ಮುರಿದು ಕೇಳಿದರು.

“ಏನೆಂದರು?”

“ಹೊಸ ಒಂಬತ್ತು ಕುಳಿಗಳ ಜಾಗವನ್ನು ನಿನ್ನೆ ಮಧ್ಯಾಹ್ನ ಒಬ್ಬರೇ ನಡೆದು ನೋಡಿದರಂತೆ. ಒಂದು ಕಣದ ಹತ್ತಿರ ಮುದುಕಿಯೊಬ್ಬಳು ತಡೆದು, ಜೋಡು ಬಿಚ್ಚಿ ಕಾಲಿಡಪ್ಪ ಎಂದಳಂತೆ. ಬಿಚ್ಚಿದರಂತೆ.” ದತ್ತರು ಬಿಳಿಯ ಚೆಂಡಿನ ಕಡೆ ನೋಡಿದರು. “‘ನಾನು ಎಷ್ಟೋ ಮೈದಾನಗಳನ್ನು ನಡೆದು ನೋಡಿದ್ದೇನೆ ದತ್ತ, ಬರಿಗಾಲಲ್ಲಿ ನಿಲ್ಲು ಎಂದ ನೆಲ ಇದೊಂದೇ. ಇದರ ಮೇಲೆ ನಾವು ಆಡಬಾರದು.’ ಅಷ್ಟೇ ಹೇಳಿದರು.”

ಅಪ್ಪಯ್ಯಣ್ಣನವರ ಕಣ್ಣ ಮುಂದೆ ಅಕ್ಕಯಮ್ಮ ಬಂದು ನಿಂತರು. ಆ ಅಪರಿಚಿತ ಯಾರೆಂದು ಆಕೆಗೆ ತಿಳಿದಿರಲಾರದು.

“ನಾನು ಒರಟಾಗಿ ಮಾತಾಡಿದೆ,” ಎಂದರು ದತ್ತರು. “ಆದರೂ ಮರಳು ಎಳೆದೆ, ಹಲಗೆಯನ್ನು ಹೊಂಗೆಮರಕ್ಕೆ ಒರಗಿಸಿ ಹೊರಟೆ. ಆಗ ಅವರು ಅಂಚಿನಲ್ಲಿ ನಿಂತಿದ್ದರು. ಬದುಕಿದ್ದರು. ಸತ್ತರೆಂದು ತಿಳಿದಾಗ ಬಾಯಿ ಬಿಡಲಿಲ್ಲ. ಬಿಟ್ಟರೆ ಅವರ ಪದವನ್ನೇ ನಾನು ಹೇಳಬೇಕಾಗುತ್ತಿತ್ತು.”

ಅಪ್ಪಯ್ಯಣ್ಣ ಇದನ್ನು ನಂಬಬಾರದೆಂದುಕೊಂಡರು. ಆದರೆ ಶವವನ್ನು ಎತ್ತಿದಾಗ ತಾವೇ ಬಗ್ಗಿ ನೋಡಿದ್ದರು: ಮೊದಲಿಯಾರರ ಮೈಯಡಿಯಲ್ಲೂ ಸುತ್ತುಗಳಿದ್ದವು. ಭಾರಕ್ಕೆ ಅಮುಕಿಹೋಗಿದ್ದವು, ಕಡಿದಿರಲಿಲ್ಲ. ಸುತ್ತಲೂ ಒಂದು ಹೆಜ್ಜೆಯೂ ಇರಲಿಲ್ಲ. ಮರಳು ಎಳೆದದ್ದು ಮೊದಲು, ಅಂಚಿನಿಂದ ಅವರು ಒಳಕ್ಕೆ ಕುಸಿದದ್ದು ಆಮೇಲೆ. ಹೊಡೆದವನು ಮರಳನ್ನು ಮುಟ್ಟಲೇ ಇಲ್ಲ. ತಮ್ಮದೇ ಸಾಕ್ಷ್ಯ ಈಗ ದತ್ತರ ಮಾತಿಗೆ ಹೆಗಲು ಕೊಡುತ್ತಿತ್ತು.

“ನೀವು ಹೊರಟಾಗ ಅವರೇಕೆ ಜೊತೆಗೆ ಬರಲಿಲ್ಲ?”

“ಒಬ್ಬನನ್ನು ಬರಹೇಳಿದ್ದರು. ಅವನಿಗೆ ತಾವೇ ಸುದ್ದಿ ತಿಳಿಸಬೇಕೆಂದಿದ್ದರು. ಅವನು ಬರುತ್ತಿರುವುದು ನನಗೂ ಕಾಣಿಸಿತು.”

“ಯಾರು?”

ದತ್ತರು ಕಿಟಕಿಯಾಚೆಗೆ ನೋಡಿದರು. ಅಲ್ಲಿ ಹುಣಿಸೆಮರ, ಹೊಗೆ, ಬೇರಿನ ಮೇಲೆ ಕೂತ ಮನುಷ್ಯ.

“ನೀವು ಯಾರನ್ನು ಬಿಡಿಸಲು ಬಂದಿದ್ದೀರೋ, ಅವನೇ.”

ಸಭೆಯ ಗಂಟೆ ಮೊಳಗಿತು. ಬಾಗಿಲ ಬಳಿ ಪ್ರತಿನಿಧಿಗಳ ಬೂಟುಗಳ ಸದ್ದು. ದತ್ತರು ಎದ್ದು, ಈಗ ತಾವು ಯಾವ ಪದ ಹೇಳಬೇಕೆಂದು ಕೇಳಿದರು. ಅಪ್ಪಯ್ಯಣ್ಣ ಸಕ್ಕರೆಯನ್ನು ಬಟ್ಟಲಿಗೆ ತುಂಬುತ್ತಲೇ ಇದ್ದರು.

*

ವ್ಯಾನಿನ ಎಂಜಿನ್ ಕೆಮ್ಮಿ, ನಿಂತು, ಮತ್ತೆ ಹಿಡಿದುಕೊಂಡಿತು. ಅಪ್ಪಯ್ಯಣ್ಣ ಸಬ್‌ಇನ್‌ಸ್ಪೆಕ್ಟರನ್ನು ಒಂದು ಗಳಿಗೆಯ ಅವಕಾಶ ಕೇಳಿಕೊಂಡು, ಪಿಳ್ಳಪ್ಪನ ಪಕ್ಕದಲ್ಲಿ, ಅದೇ ಬೇರಿನ ಮೇಲೆ ಕುಳಿತರು.

“ಕೆರೆ ಏರಿ ಮೇಲಿದ್ದೆ ಅಂದಿದ್ದೆ,” ಎಂದರು ಮೆಲುದನಿಯಲ್ಲಿ. “ಸುಳ್ಳು ಯಾಕೆ ಹೇಳ್ದೆ?”

ಪಿಳ್ಳಪ್ಪ ಅಂಗೈಗಳಿಂದ ಕಣ್ಣು ಕೀಳಲಿಲ್ಲ.

“ಕಣ ಉಳೀತು ಅಂತ ಮೊದಲಿಯಾರ್ರು ನಿಂಗೆ ಹೇಳಿದ್ರೋ ಇಲ್ವೋ? ಅದೊಂದು ಹೇಳು.”

“ಹೇಳಿದ್ರು ಸ್ವಾಮಿ. ಅರ್ಧ ತಮಿಳು, ಅರ್ಧ ಕನ್ನಡ. ನಿಮ್ಮಮ್ಮನ ಕಣ ನಿಮ್ಮಮ್ಮಂಗೇ ಇರ್ತದೆ ಅಂದ್ರು. ಕಾಲಿಗೆ ಬೀಳೋಕೆ ಹೋದೆ, ಬೇಡ ಅಂತ ಭುಜ ಹಿಡ್ಕೊಂಡ್ರು.”

“ಹಾಗಿದ್ರೆ ಅದನ್ನೇ ಹೇಳ್ಬೇಕಿತ್ತಲ್ಲಯ್ಯಾ. ಕಣ ಉಳಿಸ್ದೋನ್ನ ಯಾವನಾದ್ರೂ ಹೊಡೀತಾನಾ?”

ಪಿಳ್ಳಪ್ಪ ಮೊದಲ ಬಾರಿಗೆ ಅವರ ಮುಖ ನೋಡಿದ. ಸಾವಿಗೆ ಹೆದರಿದವನ ನೋಟ ಅದಾಗಿರಲಿಲ್ಲ.

“ಕೇಳಿಸ್ಕೊಂಡೋನು ನಾನೊಬ್ನೇ ಅಲ್ಲ,” ಎಂದ.

“ಇನ್ಯಾರಿದ್ರು?”

“ನನ್ನ ಕರ್ಕೊಂಡು ಹೋಗ್ಲಿ ಬಿಡಿ ಸ್ವಾಮಿ. ಅವ್ವಂಗೆ ಮಾತ್ರ ಏನೂ ಹೇಳ್ಬೇಡಿ.”

ಅಷ್ಟರಲ್ಲಿ ಚಿನ್ನಸ್ವಾಮಿ ಬಂದು ಅವನ ರಟ್ಟೆ ಹಿಡಿದೆಬ್ಬಿಸಿದ. ಅವನೂ ಈಗ ತಮಾಷೆಯ ಮಾತಾಡಲಿಲ್ಲ. ಬಾಗಿಲು ಮುಚ್ಚಿತು. ವ್ಯಾನು ತನ್ನದೇ ಹೊಗೆಯೊಳಗೆ ಹೊಕ್ಕು, ದೊಡ್ಡಬಳ್ಳಾಪುರದ ರಸ್ತೆಗೆ ತಿರುಗಿತು.

ಗಂಗಣ್ಣ ಓಡಿಬಂದು ಅಪ್ಪಯ್ಯಣ್ಣನವರ ಎರಡೂ ಕೈಗಳನ್ನು ಹಿಡಿದುಕೊಂಡ. ಹಿಡಿತ ಬಿಗಿಯಾಗಿತ್ತು. “ನಮ್ಮಣ್ಣನ್ನ ಉಳಿಸ್ಬಿಡಿ ಸ್ವಾಮಿ. ಹೆಂಗಾದ್ರೂ ಮಾಡಿ ಉಳಿಸ್ಬಿಡಿ. ಅವನು ಯಾರನ್ನೂ ಹೊಡೆಯೋನಲ್ಲ.” ಅಷ್ಟು ಹೇಳಿ ಕೈಬಿಟ್ಟು, ಬೇಲಿ ದಾಟಿ ತಾಯಿಯತ್ತ ಹೋದ. ಕಣದ ಅಂಚಿನಲ್ಲಿ ಚಪ್ಪಲಿ ಕಳಚಿಟ್ಟು ಒಳಗೆ ಕಾಲಿಟ್ಟ.

ಬಿಸಿಲು ಏರಿತ್ತು. ಅಪ್ಪಯ್ಯಣ್ಣ ಹಣೆಯ ಬೆವರೊರೆಸಲು ಕೈಯೆತ್ತಿದರು. ಕೈ ಮುಖದ ಬಳಿ ಬಂದು ಹಾಗೆಯೇ ನಿಂತಿತು.

ಹೊಂಗೆಯೆಣ್ಣೆ. ಮಂದವಾಗಿ, ಸೋಪಿನ ವಾಸನೆಯ ಕೆಳಗಿನಿಂದ.

ದತ್ತರ ಕೈಯನ್ನು ಅವರು ಮುಟ್ಟಿರಲಿಲ್ಲ. ಪಿಳ್ಳಪ್ಪನ ಕೈಯನ್ನೂ ಮುಟ್ಟಿರಲಿಲ್ಲ. ಈ ಕೈಗಳನ್ನು ಹಿಡಿದವನು ಗಂಗಣ್ಣ ಒಬ್ಬನೇ.

ಅಕ್ಕಯಮ್ಮ ಮೆಲ್ಲಗೆ ಎದ್ದು ಬೇಲಿಯ ಬಳಿ ಬಂದರು. ಎಡವದಂತೆ ಗಂಗಣ್ಣ ಆಕೆಯ ಹೆಗಲಿನ ಮೇಲೆ ಕೈಯಿಟ್ಟಿದ್ದ. ಆಕೆ ಆ ಕೈಯ ಮೇಲೆ ತಮ್ಮ ಕೈಯನ್ನಿಟ್ಟುಕೊಂಡು ಅಪ್ಪಯ್ಯಣ್ಣನವರನ್ನೇ ನೋಡಿದರು.

“ಮಾತು ಕೊಟ್ಟಿದ್ದೀರಪ್ಪ,” ಎಂದರು. “ನನ್ನ ಮಗನ್ನ ಯಾವಾಗ ತಂದುಕೊಡ್ತೀರಿ?”